ಬಾಯಿಲ್ಲದ್ದಕ್ಕೆ ಇಟ್ಟ ಎಡೆ

ನನಗೆ ಅಳು ಬರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಗಂಡ, ದೇವು, ಕೋಟದ ಹೈವೇಯಲ್ಲಿ ಬೈಕಿನಿಂದ ಬಿದ್ದು ಸತ್ತ ದಿನವೂ ಬರಲಿಲ್ಲ, ಉತ್ತರಕ್ರಿಯೆ ಮಾಡುವ ಬೊಜ್ಜದ ದಿನವೂ ಬರಲಿಲ್ಲ. ನಮ್ಮೂರು ನಾವುಂದದ ಹೆಂಗಸರು ಗುಸುಗುಸು ಮಾಡಿದರು. ಮಾಡಲಿ, ಅವರ ಬಾಯಿಗೆ ಬೀಗ ಹಾಕಲು ನನಗೆಲ್ಲಿದೆ ಪುರುಸೊತ್ತು? ಬೊಜ್ಜ ಮುಗಿದ ಮರುದಿನವೇ ಮೀನು ಬುಟ್ಟಿ ಹೊತ್ತೆ.

ಅಳುತ್ತಿದ್ದದ್ದು ಅತ್ತೆ ಸುಂದರಿ. ಸತ್ತ ದಿನ ಬೆಳಿಗ್ಗೆ ಗಂಜಿ ಉಣ್ಣುವಾಗ ದೇವು ಸಾರಿಗೆ ಉಪ್ಪು ಸಾಲದು ಎಂದಿದ್ದರು. "ಬೇಡದಿರೆ ಏಳ್" ಎಂದರು ಅತ್ತೆ. ದೇವು ಉಣ್ಣದೆ ಎದ್ದೇ ಹೋದರು. ಬೊಜ್ಜದ ದಿನ ಹೊರಗೆ ಎಡೆ ಇಟ್ಟರೆ, ಆ ಮಳೆಗೆ ಒಂದು ಕಾಗೆಯೂ ಬರಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಸಿಟ್ಟು ಎಂದು ನಮ್ಮಲ್ಲಿ ನಂಬಿಕೆ.

ಮರುದಿನ ಜಗಲಿಯ ಗೋಡೆಯಲ್ಲಿ ಅದು ಕೂತಿತ್ತು. ಅಬ್ಬಬ್ಬಾ, ಎರಡು ಅಂಗೈ ಅಗಲಿಸಿದಷ್ಟು ದೊಡ್ಡ ಚಿಟ್ಟೆ! ಇಟ್ಟಿಗೆ ಬಣ್ಣ, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಂಥ ಗುರುತು.

"ಹೆಣ್ಣೆ, ದೇವು ಬಂದ" ಎಂದರು ಅತ್ತೆ. ಬಾಳೆಲೆಯಲ್ಲಿ ಅನ್ನ, ಬಂಗ್ಡೆ ಸಾರು ಬಡಿಸಿ ಅದರ ಕೆಳಗಿಟ್ಟರು. ಅದು ಅಲುಗಲಿಲ್ಲ.

"ಅವ ಉಣ್ದೆ ನಾ ಉಂಬುದಿಲ್ಲೆ."

ಸಕ್ಕರೆ ಕಾಯಿಲೆಯ ಹೆಂಗಸು, ಮೂರು ದಿನ ಬರೀ ನೀರು. ಮೂರನೇ ದಿನ ಕೈಯಿಂದ ಚೊಂಬು ಜಾರಿ ಬಿತ್ತು. ಇವರೂ ಹೋಗುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ಕಾಲೇಜಿಗೆ ಹೋಗುವ ಮಗಳು ಚಂದನಾ ಆಗ ಬಾಯಿ ಬಿಟ್ಟಳು. "ಅಮ್ಮ, ಅದ್ ಪತಂಗ. ಅದ್ಕೆ ಉಂಬುಕೆ ಬಾಯೇ ಇಲ್ಲೆ. ಹುಳ ಆಗಿಪ್ಪಾಗ ತಿಂದದ್ರಗೇ ಒಂದ್ ವಾರ ಬದ್ಕತ್ತ್. ಮಳೆ ಸುರು ಆರೆ ಗೂಡ್ ಒಡ್ದ್ ಬತ್ತ್. ಹೋದ್ ವರ್ಷ ಅಪ್ಪನೇ ಫೋಟೋ ತೆಗ್ದಿದ್ರಲೆ?"

ದೇವು ಫೋನನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಹುಡುಕಿದೆ, ಸಿಕ್ಕಿತು. ಹೋದ ವರ್ಷದ ಜೂನ್, ಇದೇ ವಾರ, ಇದೇ ಗೋಡೆ, ಅಂಥದೇ ಪತಂಗ. ಪಕ್ಕದಲ್ಲಿ ಅಳತೆಗೆ ಇಟ್ಟ ಅವರ ಕೈ. ಬಾಗಿಲಿಗೆ ಸಿಕ್ಕಿ ಕಪ್ಪಾದ ಹೆಬ್ಬೆರಳ ಉಗುರೂ ಕಾಣುತ್ತಿತ್ತು. ಫೋನನ್ನು ಅತ್ತೆಯ ಮುಂದೆ ಹಿಡಿದೆ.

"ಕಾಣಿ ಅತ್ತೆ. ಅವ್ರ್ ಇದ್ದಾಗ್ಳೂ ಇದ್ ಬಂದಿತ್ತ್. ಇದ್ ಅವ್ರಲ್ಲ. ಬಾಯಿಲ್ಲದ್ದ್ ಎಂತ ಉಣ್ಣತ್ತ್?"

ಅತ್ತೆ ಫೋಟೋದ ಆ ಕೈಯನ್ನು ಬೆರಳಿನಿಂದ ಸವರಿದರು.

"ಹಂಗಾರೆ ಅವಂಗೆ ಸಿಟ್ಟಿಲ್ಯಾ?"

"ಇಲ್ಲೆ. ಉಣ್ಣಿ."

ಉಂಡರು. ಎರಡನೇ ಸಲ ಅನ್ನವನ್ನೂ ಕೇಳಿದರು.

ನಾನೂ ಬಡಿಸಿಕೊಂಡು ಕೂತೆ. ಈ ಮೂರು ದಿನ ಬುಟ್ಟಿ ಹೊತ್ತು ಹೊರಡುವಾಗ ನಾನೂ ಆ ಗೋಡೆಯ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ, "ಬತ್ತೆ" ಎನ್ನುತ್ತಿದ್ದೆ. ನಾಳೆ ಯಾರಿಗೆ ಹೇಳುವುದು ಎಂದುಕೊಂಡದ್ದೇ ತಡ, ಬಟ್ಟಲ ಮುಂದೆಯೇ ಅಳು ಬಂತು.