ಬೋಳಾಗದ ಅಂಗಳ

ಕತ್ತಿ ಎತ್ತಿದ್ದ ಅಳಿಯ ಸತೀಶ, ಮಾವನ ದನಿ ಕೇಳಿ ಕೈ ತಡೆದ. ಗೇಟಿನಿಂದ ಮೆಟ್ಟಿಲವರೆಗೆ ದಾರಿಯ ಎರಡೂ ಬದಿಗೆ ಎದೆಮಟ್ಟ ಬೆಳೆದ ಕ್ರೋಟನ್ ಗಿಡಗಳು. ಅತ್ತೆಯ ದೇಹವನ್ನು ಕಾರವಾರದ ಆಸ್ಪತ್ರೆಯಿಂದ ತಂದ ಆಂಬುಲೆನ್ಸ್ ಗೇಟಿನ ಹೊರಗೇ ನಿಂತಿತ್ತು. ಒಂದು ಬದಿ ಕಡಿದರೆ ಗಾಡಿ ಮೆಟ್ಟಿಲವರೆಗೆ ಬಂದೀತು ಎಂಬುದು ಅವನ ಲೆಕ್ಕ.

"ಬೇಡ ಸತೀಶ," ಎಂದರು ಹರಿಶ್ಚಂದ್ರ. "ಕೈ ಮೇಲೇ ತರುವಾ. ಜಯಂತಿಗೆ ಈ ಗಿಡದ ಮಧ್ಯೆ ಓಡಾಡಿ ರೂಢಿ."

ಸತೀಶ ಕತ್ತಿ ಕೆಳಗಿಟ್ಟ. ಜಯಂತಿಯನ್ನು ಎತ್ತಿಕೊಂಡವರು ಅಡ್ಡಡ್ಡ ಹೆಜ್ಜೆಯಿಡುತ್ತ ಒಳಗೆ ಬಂದರು. ಕೆಂಪು ಹಳದಿ ಎಲೆಗಳು ಬಿಳಿಬಟ್ಟೆಯನ್ನು ಸವರಿ ಸವರಿ ಹಿಂದೆ ಸರಿದವು.

ಏಪ್ರಿಲ್ ಕೊನೆಯ ಬಿಸಿಲು. ಬೆಳಂಬಾರದ ಉಳಿದ ಹಿತ್ತಿಲುಗಳೆಲ್ಲ ಒಣಗಿ ಮಣ್ಣು ಬಿರಿದಿತ್ತು. ಈ ಅಂಗಳದಲ್ಲಿ ಮಾತ್ರ ರಂಜಲ ಮರದ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಮಗಳು ನಿಶಾ ಕಣ್ಣೊರೆಸಿಕೊಂಡು, ಹೂ ತರಲು ಅಂಕೋಲೆ ಪೇಟೆಗೆ ಯಾರನ್ನಾದರೂ ಕಳಿಸಬೇಕೆಂದಳು. ಹೊನ್ನಿ ಬೇಡವೆಂದಳು. ಜಯಂತಿಯ ತವರೂರಿನ ಗೆಳತಿ ಅವಳು. ಸುದ್ದಿ ತಿಳಿದು ಮಲ್ಲಾಪುರದ ಕಡೆಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಮನೆಯ ಸುತ್ತ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಅವಳ ಸೆರಗು ತುಂಬಿತ್ತು: ದಾಸವಾಳ, ಕೇಪಳ, ನಂದಬಟ್ಟಲು, ಅರೆಬಿರಿದ ಮಲ್ಲಿಗೆ. ಹಸಿರು ಸೀರೆ ಉಡಿಸಿ, ಹಣೆತುಂಬ ಕುಂಕುಮವಿಟ್ಟು, ಇದ್ದಷ್ಟೂ ಮಲ್ಲಿಗೆಯನ್ನು ಗೆಳತಿಯ ತೆಳ್ಳಗಾದ ಜಡೆಗೆ ಮುಡಿಸಿದಳು. ಹರಿಶ್ಚಂದ್ರ ಕಂಬಕ್ಕೊರಗಿ ನೋಡುತ್ತಿದ್ದರು.

*

ಜಯಂತಿಯ ತವರು ಕಾಳಿ ನದಿಯ ದಂಡೆಯ ಚಿಕ್ಕ ಊರು. ಕದ್ರಾದಲ್ಲಿ ಅಣೆಕಟ್ಟು ಎದ್ದಾಗ ಆ ಊರು ನೀರಿನಡಿ ಹೋಯಿತು. ಹರಿಶ್ಚಂದ್ರರಿಗೆ ಆಗ ಮಲ್ಲಾಪುರದಲ್ಲಿ ಹೊಸ ನೌಕರಿ, ಹೊಸ ಸಂಸಾರ. ಒಂದು ಬೇಸಿಗೆಯಲ್ಲಿ ನೀರು ಇಳಿದು ಊರಿನ ನೆಲ ಕಾಣುತ್ತಿದೆಯೆಂದು ಕೇಳಿ ಅವಳು ಹಟ ಹಿಡಿದು ಅವರನ್ನು ಕರೆದುಕೊಂಡು ಹೋದಳು.

ಕಂಡದ್ದು ಬೂದಿಬಣ್ಣದ ಕೆಸರು. ತೊಗಟೆ ಕಳಚಿದ ಹಲಸಿನ ಮರ ಒಂದೂ ಎಲೆಯಿಲ್ಲದೆ ನಿಂತಿತ್ತು. ತುಳಸಿಕಟ್ಟೆಯ ಕಲ್ಲುಗಳ ಹತ್ತಿರ ನಿಂತು ಜಯಂತಿ ಹೇಳಿದಳು: "ಇಲ್ಲಿ ಅಬ್ಬಲಿಗೆ ಸಾಲು. ಅಲ್ಲಿ ಅಬ್ಬೆ ನೆಟ್ಟ ದಾಸಾಳ." ಅವಳು ಬೆರಳು ತೋರಿಸಿದ ಕಡೆಯಲ್ಲೆಲ್ಲ ಅವರು ನೋಡಿದರು. ಅಲ್ಲಿ ಏನೂ ಇರಲಿಲ್ಲ. ಅವಳು ಅಳಲೂ ಇಲ್ಲ. ಬಸ್ಸು ಮಲ್ಲಾಪುರ ಮುಟ್ಟುವಾಗ ಮಾತ್ರ ಮೆಲ್ಲಗೆ ಅಂದಳು, "ನಮ್ದೇ ಅಂತ ಒಂದು ಅಂಗಳ ಆದ್ರೆ, ಅದು ಒಂದು ದಿನವೂ ಬೋಳಾಗಿ ಇರೂದು ಬೇಡ."

ಕ್ವಾರ್ಟರ್ಸಿನಲ್ಲಿ ಇದ್ದಷ್ಟು ವರ್ಷ ಕುಂಡಗಳಲ್ಲೇ ದಿನ ಕಳೆದಳು. ನಿವೃತ್ತಿಯ ಹೊತ್ತಿಗೆ ಬೆಳಂಬಾರದಲ್ಲಿ ಜಾಗ ಕೊಂಡಾಗ, ಮನೆಗೆ ಪಾಯ ತೋಡುವ ಮೊದಲೇ ಗಿಡಕ್ಕೆ ಗುಂಡಿ ತೋಡಿಸಿದಳು. ಎಲೆ ಮೊದಲು, ಹೂ ಆಮೇಲೆ ಎನ್ನುವುದು ಅವಳ ಕ್ರಮ. ಯಾವ ಕಾಲಕ್ಕೂ ಹಸಿರಾಗಿರುವ ರಂಜಲು, ಸುರಗಿ, ಕ್ರೋಟನ್ ಊರಿದ ಮೇಲೆಯೇ ಚಳಿಗೆ ಗೋರಂಟೆ, ಬೇಸಿಗೆಗೆ ಮಲ್ಲಿಗೆ, ಮಳೆಯಲ್ಲೂ ಸೋಲದ ಕೇಪಳ. ಹರಿಶ್ಚಂದ್ರರು ಆಸೆಪಟ್ಟು ಅಂಕೋಲೆಯ ನರ್ಸರಿಯಿಂದ ಒಂದು ದೇವಕಣಗಿಲೆ ತಂದರೆ ಮರುದಿನವೇ ವಾಪಸು ಕಳಿಸಿದಳು. "ಹೂ ಚಂದವೇ. ಆದ್ರೆ ಎಲೆ ಉದುರಿ ನಿಂತಾಗ ನಂಗೆ ನೋಡೂಕೆ ಆಗೂದಿಲ್ಲ," ಎಂದಳು. ಅವರು ಮತ್ತೆ ಆ ಗಿಡದ ಮಾತೆತ್ತಲಿಲ್ಲ.

*

ಸಮುದ್ರದ ಗಾಳಿಗೆ ಚಿತೆ ಬೇಗ ಹೊತ್ತಿಕೊಂಡಿತು. ಸ್ಮಶಾನದಿಂದ ಬಂದು ಮಿಂದು ಹರಿಶ್ಚಂದ್ರರು ಹೊರಗೆ ಬಂದಾಗ ಜನ ಕರಗಿತ್ತು. ಹೊನ್ನಿ ಮಾತ್ರ ಮೆಟ್ಟಿಲ ಮೇಲೆ ಕೂತಿದ್ದಳು. ಹೊರಡುವ ಮೊದಲು ಒಂದು ಮಾತು ಹೇಳಬೇಕಿತ್ತಂತೆ. ಶಿವರಾತ್ರಿ ಕಳೆದ ಮೇಲೆ ಅವಳು ನೋಡಲು ಬಂದಾಗ ಜಯಂತಿ ಒಂದು ಕಟ್ಟು ಕ್ರೋಟನ್ ಟೊಂಗೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದಳು.

"ನಿಮ್ಮನೆ ಅಂಗಳಕ್ಕಾ?" ಎಂದು ಕೇಳಿದರು ಹರಿಶ್ಚಂದ್ರ.

"ಅಲ್ಲ ಬಾವಾ. ನಮ್ಮ ಹಳೇ ಊರಿಗೆ. ಈ ಸಲ ನೀರು ಬೇಗ ಇಳದಿತ್ತು. ತನ್ನ ತೌರುಮನೆ ಅಂಗಳದಲ್ಲಿ ನೆಡು ಅಂತು ಜಯಂತಿ. ನೆಟ್ಟೆ."

ಅವರು ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತರು. "ಮಳೆಗಾಲಕ್ಕೆ ಮುಳುಗ್ತದಲ್ಲೆ ಹೊನ್ನಿ."

"ನಾನೂ ಅದೇ ಹೇಳ್ದೆ. ಮುಳುಗೂ ತನಕ ಇರ್ಲಿ, ಅಂತು."

ಅವಳು ಸೊಂಟದ ಚೀಲದಿಂದ ಮೊಬೈಲು ತೆಗೆದಳು. ಜಯಂತಿಗೆ ತೋರಿಸಲೆಂದೇ ಮೊನ್ನೆ ಫೋಟೊ ತೆಗೆದದ್ದು, ಆಸ್ಪತ್ರೆಗೆ ಹೊರಡುವ ಮೊದಲೇ ಸುದ್ದಿ ಬಂತು ಎನ್ನುತ್ತ ಅದನ್ನು ಅವರ ಕೈಗಿಟ್ಟಳು.

ಹರಿಶ್ಚಂದ್ರರು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರು. ಕಣ್ಣು ಹಾಯುವಷ್ಟೂ ಬೂದಿಬಣ್ಣದ ನೆಲ, ಅಂಚಿನಲ್ಲಿ ನೀರಿನ ಮಿನುಗು. ನಡುವೆ, ಎಂದೋ ಬಾಗಿಲಿಗೆ ಹೋಗುತ್ತಿದ್ದ ದಾರಿಯ ಎರಡೂ ಬದಿಗೆ, ಗೇಣುದ್ದದ ಗಿಡಗಳು ಕೆಂಪು ಎಲೆ ಬಿಟ್ಟುಕೊಂಡು ಸಾಲಾಗಿ ನಿಂತಿದ್ದವು.