ಅಕ್ಕನ ರಕ್ತ ಮನೆಗೆ ಬಂದ ದಿನ

ಬೆಳಗಾಗುವಷ್ಟರಲ್ಲಿ ಮಗಳ ಮೊಣಕಾಲು ಮತ್ತೆ ಊದಿಕೊಂಡಿತ್ತು. ಆ ತಿಂಗಳಲ್ಲಿ ಅದು ಮೂರನೆಯ ಸಲ. ಕಾಡಂಚಿನ ಆ ಊರಿನಲ್ಲಿ ಇದೇನೂ ಹೊಸದಲ್ಲ. ಮೂರು ಮನೆಗೊಬ್ಬರು ಹೀಗೆ ಕೈಕಾಲು ಹಿಡಿದುಕೊಂಡು ಕೂರುವವರೇ. ತಲೆಮಾರಿನಿಂದ ಬಂದ ನೋವು ಎನ್ನುತ್ತಿದ್ದರು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಅವಳ ತಾಯಿಯನ್ನು ಊರವರು ಬೆತ್ತದಮ್ಮ ಎಂದೇ ಕರೆಯುತ್ತಿದ್ದರು. ಕುರ್ಚಿಗೆ ಬೆತ್ತ ಹೆಣೆಯುವುದು ಅವಳ ಕಸುಬು. ಮಗಳ ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಸುತ್ತಿಟ್ಟು ಹೊರಗೆ ಬಂದು, ತೊಟ್ಟಿಯಲ್ಲಿ ನೆನೆದ ಬೆತ್ತ ಎಳೆಯತೊಡಗಿದಳು. ಎದುರುಮನೆಯ ಸೊಸೆ ಬಂದು ಇನ್ನೊಂದು ತುದಿ ಹಿಡಿದಳು. ಅವಳು ಆರೋಗ್ಯ ಕಾರ್ಯಕರ್ತೆ, ಅವರದೇ ಜನದ ಹುಡುಗಿ.

"ದೊಡ್ಡಮ್ಮ, ಸಂಶೋಧನೆಯವರು ಬರ್ತಾರಂತೆ. ನಮ್ಮವರಿಗೇ ಯಾಕೆ ಈ ಕೀಲುನೋವು ಅಂತ ರಕ್ತ ನೋಡಿ ತಿಳ್ಕೊಳ್ತಾರಂತೆ. ನೀವು, ನಿಮ್ಮ ಮಗಳು ಕೊಡ್ತೀರಾ ಅಂತ ಕೇಳೋಕೆ ಬಂದೆ."

"ಬಿಗಿಯಾಗಿ ಹಿಡಿ. ಬಾಯಿ ಆಡಿದಷ್ಟು ಕೈ ಆಡಲ್ಲ ನಿಂದು."

"ಹಿಡಿದಿದ್ದೀನಿ. ಕೇಳಿದ್ದಕ್ಕೆ ಹೇಳಿ."

"ಹನ್ನೊಂದು ವರ್ಷದ ಹಿಂದೆ ಹೀಗೇ ಬಂದಿದ್ರು. ಜ್ವರ ಯಾಕೆ ಬರುತ್ತೆ ನೋಡ್ತೀವಿ ಅಂದ್ರು. ನಮ್ಮಕ್ಕ ತೋಳು ಚಾಚಿದಳು. ಒಂದು ಸೋಪು ಕೊಟ್ಟು ಹೋದವರು ಹೋದ್ರು. ಸಾಯೋವರೆಗೂ ಗಾಡಿ ಸದ್ದಾದಾಗೆಲ್ಲ ಬಾಗಿಲಿಗೆ ಬರ್ತಿದ್ದಳು, ನನ್ನ ರಕ್ತದಲ್ಲಿ ಏನಿತ್ತಂತೆ ಅಂತ. ಯಾರು ಹೇಳಿದ್ರು? ಹಾಲು ಕರ್ಕೊಂಡು ಹೋದವರು ಹಸುವಿನ ಸುಖದುಃಖ ಕೇಳ್ತಾರಾ?"

ಸೊಸೆ ಬೆತ್ತದ ತುದಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಹೇಳಬೇಕಾದ್ದು ಇನ್ನೂ ಇತ್ತು.

"ನಿಮ್ಮಕ್ಕನ ರಕ್ತ ಇನ್ನೂ ಇದೆ ದೊಡ್ಡಮ್ಮ. ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಒಂದು ಸಣ್ಣ ಕೊಳವೆ ಉಳಿದಿದೆ. ಜ್ವರಕ್ಕೆ ಅಂತ ತಗೊಂಡಿದ್ದನ್ನ ಕೇಳದೆ ಬೇರೆ ಕೆಲಸಕ್ಕೆ ಬಳಸಬಾರದು. ಅದಕ್ಕೇ ಕೀಲುನೋವಿಗೆ ಅದನ್ನೂ ನೋಡಬಹುದಾ ಅಂತ ಈಗಿನವರು ಮನೆಯವರ ಒಪ್ಪಿಗೆ ಕೇಳಿದ್ದಾರೆ."

ಬೆತ್ತದಮ್ಮನ ಕೈಯಿಂದ ಬೆತ್ತ ಜಾರಿತು. ಅಕ್ಕನಿಗೆ ಕೊನೆಯ ಸಲ ಮೈ ತೊಳೆದು ತಲೆ ಬಾಚಿದವಳು ಅವಳೇ. ಪೂರ್ತಿಯಾಗಿ ಮಣ್ಣಿಗೆ ಒಪ್ಪಿಸಿದೆ ಎಂದುಕೊಂಡಿದ್ದಳು. ಅಕ್ಕನ ಒಂದು ತುಣುಕು ಇಷ್ಟು ವರ್ಷ ಗುರುತಿಲ್ಲದವರ ಕೋಣೆಯಲ್ಲಿ, ಒಂದು ನಂಬರಾಗಿ, ಚಳಿಯಲ್ಲಿ ಇತ್ತು.

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ವಾಪಸ್ ತಂದು ಕೊಡ್ತಾರೆ."

"ಆಮೇಲೆ ಆಸ್ಪತ್ರೆಯಲ್ಲಿ ನನ್ನ ಮಗಳಿಗೆ ಮಾತ್ರೆ ಇಲ್ಲ ಅಂತೀರಿ."

"ಕೊಟ್ರೂ ಅದೇ ಮಾತ್ರೆ, ಕೊಡದಿದ್ರೂ ಅದೇ ಮಾತ್ರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಹಾಗಾದ್ರೆ ಬೇಡ. ನಮ್ಮಕ್ಕನನ್ನ ಮನೆಗೆ ಕಳಿಸೋಕೆ ಹೇಳು."

ಸೊಸೆ ತಲೆಯಾಡಿಸಿ ಬರೆದುಕೊಂಡಳು. ವಾದ ಮಾಡಲಿಲ್ಲ. ಬೆತ್ತದಮ್ಮನಿಗೆ ಅದೇ ವಿಚಿತ್ರವೆನಿಸಿತು. ಇಷ್ಟು ವರ್ಷಗಳಲ್ಲಿ ಅವಳು ಬೇಡ ಅಂದಾಗಲೆಲ್ಲ ಯಾರಾದರೂ ಬುದ್ಧಿ ಹೇಳಲು ಬಂದೇ ಬರುತ್ತಿದ್ದರು. ಗಂಡ, ಅತ್ತೆ, ಕುರ್ಚಿಯ ಗಿರಾಕಿ ಕೂಡ.

ಮೂರು ವಾರದ ಮೇಲೆ ಸಂಶೋಧಕಿ ತಾನೇ ಬಂದಳು. ತಂದಿದ್ದ ಪೆಟ್ಟಿಗೆಯಿಂದ ಕೊಳವೆ ತೆಗೆಯುವ ಮೊದಲು ಹೇಳಿದಳು: "ಹಳೆಯ ಕಡತ ಹುಡುಕಿದೆ. ನಿಮ್ಮಕ್ಕನ ರಕ್ತ ತೀರಾ ತೆಳುವಾಗಿತ್ತು, ಅಂದ್ರೆ ರಕ್ತಹೀನತೆ ಇತ್ತು ಅಂತ ಬರೆದಿದೆ. ಆಗಲೇ ಅವರಿಗೆ ಹೇಳಬೇಕಿತ್ತು, ಚಿಕಿತ್ಸೆ ಕೊಡಬೇಕಿತ್ತು. ತಪ್ಪಾಯ್ತು."

ಬೆತ್ತದಮ್ಮ ಕೈ ಚಾಚಿದಳು. ಬೆರಳುದ್ದದ ಕೊಳವೆಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡಳು. "ಎಷ್ಟು ತಣ್ಣಗಾಗಿದ್ದೀಯೇ," ಎಂದಳು, ಅಕ್ಕನಿಗೆ. ಮುಚ್ಚಳ ತೆಗೆಯದೆ ಹಾಗೇ ಒಯ್ದು ಅಕ್ಕನ ಪಕ್ಕದಲ್ಲಿ ಮಣ್ಣು ಮಾಡಿ ಬಂದಳು. ಸಂಶೋಧಕಿ ಜಗಲಿಯಲ್ಲೇ ಕಾದಿದ್ದಳು. ರಕ್ತ ಕೊಡಿ ಎಂದು ಮತ್ತೆ ಕೇಳಲಿಲ್ಲ.

ಕೇಳಿದವಳು ಬೆತ್ತದಮ್ಮನೇ. "ನನ್ನದು ಕೊಟ್ರೆ ಎಲ್ಲಿಡ್ತೀರಿ?"

"ನಮ್ಮ ಪ್ರಯೋಗಾಲಯದಲ್ಲೇ. ನಿಮ್ಮನ್ನೂ ಊರ ಸಭೆಯನ್ನೂ ಕೇಳದೆ ಬೇರೆಯವರಿಗೆ ಕೊಡಲ್ಲ. ಕೆಲಸ ಮುಗಿದ ಮೇಲೆ ಉಳಿದದ್ದನ್ನ ಏನು ಮಾಡಬೇಕು ಅಂತ ನೀವೇ ಹೇಳಿ."

"ಏನಿತ್ತು ಅಂತ ಯಾರು ಹೇಳ್ತಾರೆ?"

"ಎರಡು ತಿಂಗಳೊಳಗೆ ನಾನೇ ಬಂದು, ನಿಮ್ಮ ಮಾತಲ್ಲೇ."

"ಕೊಟ್ಟ ಮೇಲೆ ಮನಸ್ಸು ಬದಲಾದ್ರೆ?"

"ಎದುರುಮನೆಗೆ ಒಂದು ಮಾತು ಹೇಳಿ, ಸಾಕು. ಕಾರಣ ಹೇಳಬೇಕಾಗಿಲ್ಲ."

"ಸರಿ. ನನ್ನದೂ ತಗೊಳ್ಳಿ, ಮಗಳದೂ ತಗೊಳ್ಳಿ."

ಒಳಗಿನಿಂದ ಮಗಳ ದನಿ ಬಂತು: "ಅಮ್ಮ, ತೋಳು ನಂದು. ನನ್ನನ್ನೂ ಒಂದು ಮಾತು ಕೇಳಿ."

ಸೊಸೆಗೆ ನಗು ತಡೆಯಲಾಗಲಿಲ್ಲ. ಸಂಶೋಧಕಿ ಎದ್ದು ಒಳಗೆ ಹೋಗಿ, ಮಗಳ ಹಾಸಿಗೆಯ ಪಕ್ಕ ಕೂತು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಎಲ್ಲ ಕೇಳಿಸಿಕೊಂಡು ಮಗಳು, "ಕೊಡ್ತೀನಿ," ಎಂದಳು.

ಎರಡು ತಿಂಗಳು ತುಂಬುವ ಮೊದಲೇ ಸಂಶೋಧಕಿ ಬಂದಳು. ಮಗಳ ರಕ್ತದ ಕಣಗಳು ದುಂಡಗಿರದೆ ಕುಡುಗೋಲಿನ ಹಾಗೆ ಬಾಗಿವೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಾಗ ನೋವು ಬರುತ್ತದೆ ಎಂದು ಚಿತ್ರ ಬರೆದು ತೋರಿಸಿದಳು. ಅದರ ಬೀಜ ಬೆತ್ತದಮ್ಮನ ರಕ್ತದಲ್ಲೂ ಇದೆ, ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ನೋವಾಗಿ ಕಾಣಿಸುತ್ತದೆ ಎಂದಳು. ಔಷಧಿ ಇದೆ, ನೀರು ಚೆನ್ನಾಗಿ ಕುಡಿಯಬೇಕು, ಮೈ ಬೆಚ್ಚಗಿಡಬೇಕು. ಬೆತ್ತದಮ್ಮ ಆ ಚಿತ್ರವನ್ನು ತುಂಬಾ ಹೊತ್ತು ನೋಡಿದಳು. ನೋವಿಗೆ ಮೊದಲ ಸಲ ಒಂದು ಆಕಾರ ಸಿಕ್ಕಿತ್ತು.

ಇದನ್ನು ಓದುತ್ತಿರುವ ಅಮ್ಮ, ಅಕ್ಕ, ತಂಗಿ, ನಿಮ್ಮ ಮನೆಗೂ ಯಾರಾದರೂ ರಕ್ತವನ್ನೋ ಎಂಜಲನ್ನೋ ಕೂದಲನ್ನೋ ಕೇಳಿಕೊಂಡು ಬರಬಹುದು. ಕೊಡುವುದು ತಪ್ಪಲ್ಲ, ಅದರಿಂದ ನಮ್ಮ ಜನಕ್ಕೇ ಒಳ್ಳೆಯದಾಗಬಹುದು. ಆದರೆ ಯಾತಕ್ಕೆ, ಎಲ್ಲಿಡುತ್ತೀರಿ, ನನಗೆ ಯಾರು ಬಂದು ಹೇಳುತ್ತಾರೆ ಎಂದು ಕೇಳಿ. ಅರ್ಥವಾಗುವವರೆಗೆ ಕೇಳಿ. ಸಂಕೋಚಕ್ಕೆ ತೋಳು ಚಾಚಬೇಡಿ. ನಿಮ್ಮ 'ಬೇಡ'ಕ್ಕೆ ಬೆಲೆ ಕೊಡುವವರಿಗೆ ಮಾತ್ರ ನಿಮ್ಮ 'ಹೂಂ' ಕೊಡಿ.