ಮೋಟಾರ್ ಸಾಮಿ ಹೇಳಿದ್ದು

"ಸ್ವಾಮಿಗಳು ಇದನ್ನ ಕನ್ನಡದಲ್ಲಿ ಹೇಗೆ ಹೇಳಿದ್ರು, ಅಜ್ಜಿ? ನಿಮ್ಮನ್ನ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ವಂತೆ" ಎಂದು ಶ್ರೀಪ್ರಿಯಾ ಮತ್ತೆ ಕೇಳಿದಳು.

ಸುಬ್ಬಾತಾಳ್ ಊಟದ ಮನೆಯ ಬಾಗಿಲ ಮೇಲಕ್ಕೆ ನೋಡಿದಳು. ಕರಿಕಲ್ಲಿನಲ್ಲಿ ಕೊರೆದ ತಮಿಳು ಅಕ್ಷರಗಳು: ಇರು, ಸಾಪ್ಪಿಡು, ನಾಳೈಕ್ಕುಪ್ ಪಾರ್ಕಲಾಂ. ಇರು, ಉಣ್ಣು, ನಾಳೆ ನೋಡೋಣ. ಆಶ್ರಮ ಹುಟ್ಟಿದ್ದೇ ಈ ಮಾತಿನಿಂದ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಈಗ ಕರ್ನಾಟಕದಿಂದಲೂ ಭಕ್ತರು ಬಸ್ಸು ಮಾಡಿಕೊಂಡು ಬರುತ್ತಿದ್ದುದರಿಂದ ಪಕ್ಕದಲ್ಲೊಂದು ಕನ್ನಡದ ಕಲ್ಲೂ ಇರಲಿ ಎಂದು ಹಿರಿಯರು ತೀರ್ಮಾನಿಸಿದ್ದರು. ತಿರುಮುರುಗನ್‌ಪೂಂಡಿಯ ಶಿಲ್ಪಿ ಶಣ್ಮುಗಂ ಕಲ್ಲನ್ನು ನಯ ಮಾಡಿಟ್ಟು ಅಕ್ಷರಕ್ಕಾಗಿ ಕಾಯುತ್ತಿದ್ದ. ಮೈಸೂರಿನಿಂದ ಬಂದು ಇಲ್ಲಿ ಬ್ರಹ್ಮಚಾರಿಣಿಯಾಗಿದ್ದ ಶ್ರೀಪ್ರಿಯಾಳಿಗೆ ಆ ಹೊಣೆ ಬಿದ್ದಿತ್ತು. ತಮಿಳಿನಿಂದ ತಾನೇ ಕನ್ನಡ ಮಾಡಬಹುದು, ಆದರೆ ಗುರುಗಳ ಬಾಯಿಂದ ಬಂದ ಮಾತೇ ಸಿಗುವಾಗ ತನ್ನದೇಕೆ ಎಂದು ಅವಳ ಹಟ.

"ಹಳೇ ಸಂಗತಿ, ಕಣ್ಣು. ಞಾಪಕ ಮಾಡ್ಕೊಂಡು ಹೇಳ್ತೀನಿ. ಸುಮ್ಮಾ ಅವಸರ ಪಡ್ಬೇಡ" ಎಂದು ಸುಬ್ಬಾತಾಳ್ ತಮಿಳು ಬೆರೆತ ತನ್ನ ಮನೆಗನ್ನಡದಲ್ಲಿ ಹೇಳಿ, ಸೆರಗು ಹೊದ್ದು ಎದ್ದಳು.

ಮರೆತಿದ್ದರೆ ತಾನೆ ಞಾಪಕ ಮಾಡಿಕೊಳ್ಳುವುದು.

ಅವಳು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಇಲ್ಲಿ ಕಲ್ಲೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ನೆಗಮಂ ಕಡೆಯ ಈ ಕೆಂಪು ನೆಲದಲ್ಲಿ ಅವಳ ಅಪ್ಪ ಲಿಂಗಪ್ಪನ್ ಹತ್ತಿ ಬೆಳೆಯುತ್ತಿದ್ದ. ಬಾವಿ ಪಕ್ಕದಲ್ಲಿ ಮೋಟಾರ್ ಇಟ್ಟ ಒಂದು ಹೆಂಚಿನ ಕೋಣೆ. ಒಂದು ಮುಂಜಾನೆ ನೀರು ಬಿಡಲು ಹೋದ ಅಪ್ಪ, ಕಾವಿ ಸುತ್ತಿಕೊಂಡು ಜ್ವರದಲ್ಲಿ ನಡುಗುತ್ತಿದ್ದ ಒಬ್ಬ ಮನುಷ್ಯನನ್ನು ಅಲ್ಲಿ ಕಂಡ. ದಿಂಬಂ ಘಟ್ಟ ಇಳಿದು ಪಳನಿಗೆ ನಡೆದು ಹೊರಟವನು. ಚಾಮರಾಜನಗರದ ಕಡೆಯವನಂತೆ. ಅವನು ನೀರು ಕೇಳಿದ್ದು ಕನ್ನಡದಲ್ಲಿ. ಮನೆಯೊಳಗೆ ಮಾತ್ರ ಆಡುತ್ತಿದ್ದ ಭಾಷೆಯನ್ನು ಬಯಲಲ್ಲಿ ಬೇರೆಯವರ ಬಾಯಲ್ಲಿ ಕೇಳಿದ್ದೇ ಅಪ್ಪನಿಗೆ ಏನೋ ಆಗಿಹೋಯಿತು. ಜ್ವರ ಬಿಟ್ಟಮೇಲೂ ಹೋಗಗೊಡಲಿಲ್ಲ. ಊರವರು ಆತನನ್ನು ಮೋಟಾರ್ ಸಾಮಿ ಎಂದು ಕರೆದರು. ಕೊನೆಯವರೆಗೂ ಆ ಹೆಸರೇ ನಿಂತಿತು.

ಸಂಜೆ ಪಾಲಕ್ಕಾಡಿನ ಕಡೆಯಿಂದ ಗಾಳಿ ಏಳುವ ಹೊತ್ತಿಗೆ ಸಾಮಿ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಮೊದಲು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಸುಮ್ಮನೆ ಕೂರುವುದು, ಆಮೇಲೆ ಒಂದು ಹಾಡು, ಆಮೇಲೆ ಮಾತು. ಹತ್ತಿ ಬಿಡಿಸಿ ಬಂದವರು, ದನ ಕಟ್ಟಿ ಬಂದವರು ಸುತ್ತ ಕೂರುತ್ತಿದ್ದರು. ಸಾಮಿಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಅಪ್ಪನಿಗೆ ನಾಲ್ಕು ಜನರ ಮುಂದೆ ಬಾಯೇ ಏಳುತ್ತಿರಲಿಲ್ಲ. ಹಾಗಾಗಿ ಶಾಲೆ ಬಿಟ್ಟು ಬಂದ ಸುಬ್ಬಾತಾಳ್ ಸಾಮಿಯ ಪಕ್ಕ ಕೂತು ತಮಿಳು ಮಾಡಿ ಹೇಳುತ್ತಿದ್ದಳು. ಸಾಮಿಯ ದೊಡ್ಡ ಮಾತುಗಳು ಅವಳಿಗೂ ಅರ್ಥವಾಗುತ್ತಿರಲಿಲ್ಲ. ಮಾಯೆ ಎಂದರೆ, ಪೊಳ್ಳಾಚಿ ರಸ್ತೆಯಲ್ಲಿ ಮಧ್ಯಾಹ್ನ ನೀರು ನಿಂತಹಾಗೆ ಕಾಣುತ್ತದಲ್ಲ, ಅದು ಎಂದುಬಿಡುತ್ತಿದ್ದಳು. ಜನ ತಲೆದೂಗುತ್ತಿದ್ದರು. "ನಾ ಅಷ್ಟುದ್ದ ಯೋಳಿದ್ನಲ್ಲವ್ವ, ನಿನ್ ತಮಿಳ್ನಲ್ಲಿ ಇಷ್ಟೇನಾ?" ಎಂದು ಸಾಮಿ ಹೊಟ್ಟೆ ಕುಣಿಸಿ ನಗುತ್ತಿದ್ದರು. ಮೋಟಾರಿನ ಎಣ್ಣೆ ವಾಸನೆ, ಆಗತಾನೆ ನೀರು ಕುಡಿದ ಮಣ್ಣಿನ ವಾಸನೆ, ಆ ನಗು. ಮದುಕ್ಕರೈಗೆ ಮದುವೆಯಾಗಿ ಹೋದಮೇಲೆ, ವಯಸ್ಸಾಗಿ ಮತ್ತೆ ಇಲ್ಲಿಗೇ ಬರುವವರೆಗೂ, ಸಿಮೆಂಟ್ ಕಾರ್ಖಾನೆಯ ಧೂಳು ಕೂತ ಅಂಗಳ ಗುಡಿಸುತ್ತಾ ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಆ ಸಂಜೆಗಳಿಗೆ ಹಿಂದಿರುಗುತ್ತಿದ್ದಳು.

ಅಂಥ ಒಂದು ಸಂಜೆಯೇ ಕಾಳಿಯಮ್ಮ ಬಂದದ್ದು. ಪಕ್ಕದ ಊರಿಗೆ ಮದುವೆಯಾಗಿ ಬಂದ ಹೆಂಗಸು. ಹತ್ತಿ ಬಿಡಿಸುವಾಗ ಬದುವಿನ ಮೇಲೆ ಕೂರಿಸಿದ್ದ ಅವಳ ಪುಟ್ಟ ಮಗ ಬಾವಿಗೆ ಬಿದ್ದು ತೀರಿಹೋಗಿದ್ದ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದ್ದರು. ಜನ ತಾವಾಗಿ ಸರಿದು ದಾರಿ ಬಿಟ್ಟರು. ಅವಳು ಸಾಮಿಯ ಮುಂದೆ ಕೂತು, ಯಾಕೆ ಹೀಗಾಯಿತು ಎಂದು ಒಂದೇ ಮಾತು ಕೇಳಿದಳು. ಸುಬ್ಬಾತಾಳ್ ಅದನ್ನು ಕನ್ನಡದಲ್ಲಿ ಹೇಳಿದಳು. ಉತ್ತರಕ್ಕಾಗಿ ತಿರುಗಿ ನೋಡಿದರೆ ಸಾಮಿಯ ಗಡ್ಡ ಕಣ್ಣೀರಿಗೆ ಒದ್ದೆಯಾಗಿತ್ತು.

"ನಂಗೇನೂ ತೋಚ್ತಿಲ್ಲ ಕನವ್ವ" ಎಂದರು ಸಾಮಿ. "ನೀನೇ ಏನಾರ ಯೋಳು."

ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಮನೆಗೆ ಯಾರಾದರೂ ಅತ್ತುಕೊಂಡು ಬಂದರೆ ಅವ್ವ ಏನು ಹೇಳುತ್ತಿದ್ದಳೋ ಅದೇ ಹುಡುಗಿಯ ಬಾಯಿಗೆ ಬಂತು. ಇರು, ಸಾಪ್ಪಿಡು, ನಾಳೈಕ್ಕುಪ್ ಪಾರ್ಕಲಾಂ. ಕಾಳಿಯಮ್ಮ ಅಲ್ಲೇ ಉಳಿದಳು. ಅವ್ವ ಕೊಟ್ಟ ಸಜ್ಜೆ ಗಂಜಿ ಕುಡಿದಳು. ಮಾರನೆಯ ದಿನ ಮೂರು ಕಲ್ಲು ಹೂಡಿ ಸಾಮಿಗೂ ಬಂದವರಿಗೂ ತಾನೇ ಗಂಜಿ ಕಾಯಿಸಿದಳು. ಆ ಒಲೆ ಇವತ್ತಿನವರೆಗೂ ಆರಿಲ್ಲ. ಅಪ್ಪ ಆ ನೆಲವನ್ನು ಆಶ್ರಮಕ್ಕೇ ಬಿಟ್ಟುಕೊಟ್ಟ. ಸಾಮಿ ನಿಧಾನವಾಗಿ ತಮಿಳು ಕಲಿತರು. ಆ ಸಂಜೆಯ ವಿಷಯವನ್ನು ಸಾಮಿಯಾಗಲಿ ಸುಬ್ಬಾತಾಳಾಗಲಿ ಯಾರ ಹತ್ತಿರವೂ ಎತ್ತಲಿಲ್ಲ.

ಈಗ ಶ್ರೀಪ್ರಿಯಾಳಿಗೆ ಏನು ಹೇಳುವುದು? ಇರು, ಉಣ್ಣು ಎಂದು ಕನ್ನಡದಲ್ಲಿ ಹೇಳಿಬಿಟ್ಟರೆ ಮುಗಿಯಿತು. ಆದರೆ ಸಾಮಿ ಆಡದ ಮಾತನ್ನು ಸಾಮಿಯ ಭಾಷೆಯಲ್ಲಿ ಕಲ್ಲಿಗೆ ಹಾಕಿಸಲು ಅವಳ ಮನಸ್ಸು ಒಪ್ಪಲಿಲ್ಲ. ನಿಜ ಹೇಳೋಣವೆಂದರೆ ಕಾಳಿಯಮ್ಮ ಇನ್ನೂ ಇದ್ದಾಳೆ. ಗುರುವಿನ ಮಾತೆಂದು ನಂಬಿಯೇ ಇಡೀ ಜೀವ ಇಲ್ಲಿ ಸವೆಸಿದವಳು.

ಕಾಳಿಯಮ್ಮ ಅಡುಗೆಮನೆಯ ಹಿಂದಿನ ಜಗುಲಿಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಎಂಬತ್ತು ದಾಟಿದ ಮೇಲೆ ಒಲೆಯ ಹತ್ತಿರ ಬಿಡುವುದಿಲ್ಲ ಎಂದು ಅವಳಿಗೆ ಮುನಿಸು. ಸುಬ್ಬಾತಾಳ್ ಎದುರು ಕೂತು ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡಳು. ತೋಟದಾಚೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮೈಸೂರು ಹುಡುಗಿ ತನ್ನ ಹತ್ತಿರವೂ ಬಂದಿದ್ದಳು ಎಂದು ಕಾಳಿಯಮ್ಮ ತಮಿಳಿನಲ್ಲೇ ಮಾತು ತೆಗೆದಳು. ಸಾಮಿ ಕನ್ನಡದಲ್ಲಿ ಏನೆಂದರು ಎಂದು ಕೇಳಿದಳಂತೆ. ಸುಬ್ಬಾತಾಳಿನ ಬೆರಳು ನಿಂತಿತು.

"ನಿಂಗೆ ಹೇಗೆ ಗೊತ್ತಿರುತ್ತೆ ಅಕ್ಕಾ, ನಾನೇ ಹೇಳ್ತೀನಿ ಅಂದಿದೀನಿ" ಎಂದಳು. ತಡವರಿಕೆಯಲ್ಲಿ ತಮಿಳಿನ ಬದಲು ಕನ್ನಡ ಬಂದುಬಿಟ್ಟಿತ್ತು.

ಕಾಳಿಯಮ್ಮ ಕಾಯಿಯಿಂದ ಕಣ್ಣು ತೆಗೆಯಲಿಲ್ಲ.

"ನಂಗೇನೂ ತೋಚ್ತಿಲ್ಲ ಕನವ್ವ" ಎಂದಳು. "ಅದು ತಾನೆ, ಅಮ್ಮಣಿ, ಸಾಮಿ ಹೇಳಿದ್ದು?"

ಸುಬ್ಬಾತಾಳಿಗೆ ಒಂದು ಕ್ಷಣ ಯಾರು ಮಾತಾಡಿದರೆಂದೇ ಹೊಳೆಯಲಿಲ್ಲ. ಕಾಳಿಯಮ್ಮನ ಬಾಯಲ್ಲಿ ಅವಳು ಯಾವತ್ತೂ ಕನ್ನಡ ಕೇಳಿರಲಿಲ್ಲ.

ತಾನು ಹುಟ್ಟಿದ್ದು ಸೋಮನೂರಿನಲ್ಲಿ ಎಂದಳು ಕಾಳಿಯಮ್ಮ. ಬೀದಿ ತುಂಬ ಕನ್ನಡ ಮಾತಾಡುವ ನೇಯ್ಗೆಯವರು. ಅವರ ಮಕ್ಕಳ ಜೊತೆ ಮಗ್ಗದ ಕೆಳಗೆ ಆಡಿ ಬೆಳೆದವಳಿಗೆ ಭಾಷೆ ತಿಳಿಯದೆ ಇರುತ್ತದೆಯೇ? ಆ ಸಂಜೆ ಎಲ್ಲವೂ ಕೇಳಿಸಿತ್ತು. ಆದರೆ ಕೇಳಿಸಿತೆಂದು ಗೊತ್ತಾದರೆ ಸಾಮಿ ತಲೆ ತಗ್ಗಿಸುತ್ತಾರೆ, ಮಗು ಹೆದರಿಕೊಳ್ಳುತ್ತದೆ ಎಂದು ಬಾಯಿ ಮುಚ್ಚಿಕೊಂಡಳು. ಒಂದು ದಿನ ಮುಚ್ಚಿಕೊಂಡದ್ದು ಹಾಗೆಯೇ ಉಳಿಯಿತು.

"ಗೊತ್ತಿದ್ದೂ ಇಲ್ಲೇ ಇದ್ಯಾ, ಅಕ್ಕಾ?"

"ಗೊತ್ತಿದ್ದಕ್ಕೇ ಇದ್ದೆ." ಕಾಳಿಯಮ್ಮ ಮರೆತ ದಾರಿಯಲ್ಲಿ ಕಾಲಿಟ್ಟಂತೆ ಒಂದೊಂದೇ ಕನ್ನಡದ ಮಾತು ಹುಡುಕಿ ಆಡಿದಳು. "ಅತ್ತೆ ಒಂದು ಕಾರಣಂ ಹೇಳಿದ್ಲು. ಪೂಜಾರಿ ಒಂದು ಹೇಳ್ದ. ಊರಲ್ಲಿ ಎಲ್ಲಾರೂ ಹೇಳಿದ್ರು. ಆ ಮನುಷ್ಯ ಒಬ್ರೇ ಅತ್ರು." ಒಂದು ಕಾಯಿ ಸುಲಿದು ಕಾಳು ತಟ್ಟೆಗೆ ಹಾಕಿದಳು. "ನೀನು ಉಣ್ಣು ಅಂದೆ. ಅದೂ ಬೇಕಾಗಿತ್ತು."

ಸುಬ್ಬಾತಾಳ್ ಸೆರಗಿನಿಂದ ಮುಖ ಒರೆಸಿಕೊಂಡಳು. ಇಬ್ಬರೂ ಉಳಿದ ಕಾಯಿಯನ್ನು ಸುಲಿದು ಮುಗಿಸಿದರು.

ಸಂಜೆ ಅವಳು ಶ್ರೀಪ್ರಿಯಾಳನ್ನು ಕರೆದು ಸಾಮಿ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದಳು. ತಮಿಳಿನದು ಯಾರ ಮಾತೆಂದೂ ಮುಚ್ಚಿಡಲಿಲ್ಲ. ಇದನ್ನು ಕಲ್ಲಿಗೆ ಹಾಕಿಸುವುದು ಹೇಗೆ ಎಂದು ಹುಡುಗಿ ಮೆಲ್ಲಗೆ ಕೇಳಿದಳು. ಹಿರಿಯರಲ್ಲೂ ಎರಡು ದಿನ ಅದೇ ಚರ್ಚೆ. ಗುರುವಿಗೆ ತೋಚಲಿಲ್ಲವೆಂದು ಆಶ್ರಮವೇ ಬರೆದರೆ ಜನ ಏನೆಂದುಕೊಂಡಾರು? ಕೊನೆಗೆ ಕಾಳಿಯಮ್ಮ ಗೋಡೆ ಹಿಡಿದುಕೊಂಡು ಸಭೆಗೆ ಬಂದು, ಅದನ್ನು ಕೇಳಿಯೇ ತಾನು ಇಲ್ಲಿ ಉಳಿದದ್ದು ಎಂದಳು. ಹಿರಿಯರು ಒಪ್ಪಿದರು. ಶಣ್ಮುಗಂ ತನಗೆ ಓದಲು ಬಾರದ ಅಕ್ಷರಗಳನ್ನು ಕಾಗದದಲ್ಲಿದ್ದಂತೆಯೇ ಕೊರೆದ: ನಂಗೇನೂ ತೋಚ್ತಿಲ್ಲ ಕನವ್ವ.

ಗುರುಪೂಜೆಯ ದಿನ ಚಾಮರಾಜನಗರದ ಬಸ್ಸಿನಲ್ಲಿ ಬಂದವರಲ್ಲಿ ನಡುವಯಸ್ಸಿನ ಒಬ್ಬ ಹೆಂಗಸಿದ್ದಳು. ಕನ್ನಡದ ಕಲ್ಲಿನ ಕೆಳಗೆ ನಿಂತು ತುಟಿ ಅಲುಗಿಸಿ ಓದಿದಳು. ಅವಳ ಜೊತೆಯವರು ಒಳಗೆ ಹೋದಮೇಲೂ ನಿಂತೇ ಇದ್ದಳು. ಆಮೇಲೆ ಬಂದು ಪಂಕ್ತಿಯ ತುದಿಯಲ್ಲಿ ಕೂತಳು. ಎಲೆಗೆ ಅನ್ನ ಬಿತ್ತು, ಸಾರು ಬಿತ್ತು. ಅವಳು ಮುಟ್ಟಲಿಲ್ಲ.

ಮೂಲೆಯ ಕುರ್ಚಿಯಲ್ಲಿದ್ದ ಕಾಳಿಯಮ್ಮ ಎದ್ದಳು. ಸುಬ್ಬಾತಾಳ್ ಕೈ ಕೊಡಲು ಹೋದರೆ ಬೇಡವೆಂದಳು. ನಿಧಾನವಾಗಿ ಪಂಕ್ತಿ ಉದ್ದಕ್ಕೂ ನಡೆದು ಹೋಗಿ, ಆ ಹೆಂಗಸಿನ ಪಕ್ಕದಲ್ಲಿ ನೆಲಕ್ಕೆ ಕೈಯೂರಿ ಕೂತು, ನೀರಿನ ಲೋಟವನ್ನು ಅವಳ ಎಲೆಯ ಹತ್ತಿರಕ್ಕೆ ಸರಿಸಿದಳು.